ನಾಲ್ಕು ಕೋಡಿನ ಮಾತು

ನಮ್ಮೂರಲ್ಲಿ ಸುಳ್ಳಿಗೆ ನಾಲ್ಕು ಕೋಡು. ಯಾರಾದರೂ ನಂಬಲಾಗದ ಮಾತು ಹೇಳಿದರೆ ಕೇಳಿದವರು ಬಾಯಿ ಬಿಡುತ್ತಿರಲಿಲ್ಲ, ನಾಲ್ಕು ಬೆರಳು ಎತ್ತಿ ಹಣೆಗೆ ಹಚ್ಚಿ ತೋರಿಸುತ್ತಿದ್ದರು. ಹೊಳೆಯಲ್ಲಿ ಆಳುದ್ದದ ಮೀನು ಸಿಕ್ಕಿತ್ತು ಅಂದರೂ ನಾಲ್ಕು ಬೆರಳು, ಹೊನ್ನಾಳಿ ಬಸ್ಸು ಇವತ್ತು ಹೊತ್ತಿಗೆ ಸರಿಯಾಗಿ ಬಂತು ಅಂದರೂ ನಾಲ್ಕು ಬೆರಳು. ಬೇರೆ ಊರಿಂದ ಬಂದ ಸೊಸೆಯಂದಿರು ವರ್ಷ ತುಂಬುವುದರೊಳಗೆ ಇದನ್ನು ಕಲಿತುಬಿಡುತ್ತಿದ್ದರು. ಇದು ಎಲ್ಲಿಂದ ಬಂತು ಅಂತ ಯಾರೂ ಕೇಳಬೇಕಾಗಿರಲಿಲ್ಲ. ನನ್ನ ಸೋದರತ್ತೆಯ ಬಾಯಿಂದ ಬಂತು ಅಂತ ಎಲ್ಲರಿಗೂ ಗೊತ್ತಿತ್ತು.

ನಮ್ಮದು ಗೋವಿನಕೋವಿ, ಹೊಳೆ ಸೀಮೆ. ಅತ್ತೆ, ಅಂದರೆ ನನ್ನ ಅಪ್ಪನ ತಂಗಿ. ಅವಳನ್ನು ಹದಿನಾರು ತುಂಬುವ ಹೊತ್ತಿಗೆ ಜಗಳೂರು ಸೀಮೆಗೆ, ಸೊಕ್ಕೆಯ ಆಚೆ ಗುಡ್ಡದ ಬುಡದ ಒಂದು ಹಟ್ಟಿಗೆ ಕೊಟ್ಟಿದ್ದರು. ಕುರಿ ಸಾಕುವ ಮನೆತನ. ಮೂರು ವರ್ಷ ಅವಳೂ ಆ ಗುಡ್ಡದಲ್ಲಿ ಕುರಿ ಮೇಯಿಸಿದಳು. ಮೂರನೇ ಮಳೆಗಾಲದಲ್ಲಿ ಜ್ವರ ಬಂದು ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ತಗಡಿನ ಟ್ರಂಕು ಹಿಡಿದುಕೊಂಡು ತವರಿಗೆ ವಾಪಸು ಬಂದಳು. ಇದೆಲ್ಲ ನಾನು ಹುಟ್ಟುವ ಮುಂಚಿನದು.

ಅವಳು ಬಂದ ವಾರದಲ್ಲಿ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರಂತೆ. ಅತ್ತು ಅತ್ತು ಎಲ್ಲರಿಗೂ ಸಾಕಾಗಿತ್ತು. ಮಾತು ಬೇರೆ ಕಡೆಗೆ ತಿರುಗಲಿ ಅಂತ ಒಬ್ಬಾಕೆ, "ಆ ಸೀಮೆಯಾಗೆ ಏನೇನೈತೆ ಹೇಳವ್ವಾ" ಅಂದಳು. ಅತ್ತೆ ಸ್ವಲ್ಪ ಯೋಚನೆ ಮಾಡಿ, ತನಗೆ ಅಲ್ಲಿ ಎಲ್ಲಕ್ಕಿಂತ ಚಂದ ಕಂಡದ್ದನ್ನೇ ಹೇಳಿದಳು. "ಗುಡ್ಡದಾಗೆ ಕೊಂಡುಕುರಿ ಅಂತ ಐತೆ. ಮೇಕೆಯಷ್ಟೇ ಇರ್ತೈತೆ. ಅದಕ್ಕೆ ನಾಕು ಕೋಡು."

ಹೊಳೆ ಸೀಮೆಯವರು ಅಂಥ ಹೆಸರು ಕೇಳಿದವರಲ್ಲ. ಅವರ ಕಿವಿಗೆ ಬಿದ್ದದ್ದು ಕೊಂಡ ಕುರಿ. ಸಂತೆಯಲ್ಲಿ ಕೊಂಡು ತಂದ ಕುರಿ! "ಕೊಂಡ ಕುರಿನಾ? ಎಷ್ಟಕ್ಕೆ ಕೊಂಡ್ರವ್ವಾ, ಕೋಡಿಗಿಷ್ಟು ಅಂತ ಕೊಟ್ರಾ?" ಅಂದಳಂತೆ ಒಬ್ಬ ಮುದುಕಿ. ಹದಿನೈದು ದಿನದಿಂದ ನಗು ಕಾಣದ ಮನೆ, ಮಾಡು ಹಾರಿಹೋಗುವಂತೆ ನಕ್ಕಿತಂತೆ. ಅತ್ತೆ ಮಾತ್ರ ನಗಲಿಲ್ಲ. "ಇರೋದನ್ನ ಹೇಳಿದೆ" ಅಂದವಳೇ ಎದ್ದು ಹಿತ್ತಲಿಗೆ ಹೋದಳು.

ಅವತ್ತು ಅವಳೂ ನಕ್ಕಿದ್ದರೆ, ತಮಾಷೆಗೆ ಅಂದೆ ಅಂದಿದ್ದರೆ, ಅದು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ. ಮೂವತ್ತು ವರ್ಷ ಅನ್ನಲಿಲ್ಲ. ಬೀದಿಯಲ್ಲಿ ಮಕ್ಕಳು ಅವಳನ್ನು ನೋಡಿ ನಾಲ್ಕು ಬೆರಳು ಎತ್ತಿದರೆ ನಿಂತು, "ಹೂಂ, ನಾಕು. ಎಣಿಸಿಕೊಳ್ರಿ" ಅಂತ ಹೇಳಿ ಮುಂದೆ ಹೋಗುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮೂರಿನವರು ಗಾದೆಯನ್ನೇ ಉದ್ದ ಮಾಡಿಕೊಂಡಿದ್ದರು: ಇವಳ ಮೊಲಕ್ಕೆ ಮೂರು ಕಾಲು, ಕುರಿಗೆ ನಾಲ್ಕು ಕೋಡು.

ನಾನೂ ಬೆರಳು ಎತ್ತಿದವಳೇ. ಇದನ್ನು ಬರೆಯದೆ ಮುಂದೆ ಹೋದರೆ ನಾನೇ ನಾಲ್ಕು ಕೋಡಿನವಳಾಗುತ್ತೇನೆ. ಮೂರನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳು ಅವರ ಮಾವನ ಮನೆಯಲ್ಲಿ ಬಾವಿಯೊಳಗೆ ಮೆಟ್ಟಿಲಿವೆ, ಹಾವು ಇಳಿದು ಬಂದು ನೀರು ಕುಡಿಯುತ್ತದೆ ಅಂತ ಏನೋ ಹೇಳಿದಳು. ನಾನು ಫಕ್ಕನೆ ನಾಲ್ಕು ಬೆರಳು ಹಣೆಗೆ ಹಚ್ಚಿದೆ. ತಿರುಗಿ ನೋಡಿದರೆ ಹಿಂದೆ ಅತ್ತೆ, ಸೊಂಟದ ಮೇಲೆ ಕೊಡ. ಮರುದಿನ ಬೆಳಿಗ್ಗೆ ಎಂದಿನಂತೆ ನನಗೆ ಜಡೆ ಹಾಕಿದಳು, ದಿನಕ್ಕಿಂತ ತುಸು ಬಿಗಿಯಾಗಿ.

ಎಪ್ಪತ್ತರ ದಶಕದ ಕೊನೆಗೆ ನನಗೆ ಹೊನ್ನಾಳಿಯ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಊರಿನವರ ಬಾಯಲ್ಲಿ ನಾನು ಅಕ್ಕೋರು ಆದೆ, ಅಂದರೆ ಟೀಚರು. ಮಿಲಿಟರಿಯಲ್ಲಿದ್ದ ನನ್ನ ಭಾವ, ಅಕ್ಕನ ಗಂಡ, ರಜೆಗೆ ಬಂದಾಗ ಒಂದು ಹಳೇ ದುರ್ಬೀನು ಕೊಟ್ಟರು. ಎರಡು ಕೊಳವೆಯಲ್ಲಿ ಒಂದಕ್ಕೆ ಮಬ್ಬು ಹಿಡಿದಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಬೇಕು. ಶಾಲೆ ಬಿಟ್ಟ ಮೇಲೆ ಹೊಳೆ ದಂಡೆಗೆ ಹೋಗಿ ಕೂತು ಮಿಂಚುಳ್ಳಿ ಮೀನಿಗೆ ಎರಗುವುದನ್ನು ನೋಡುತ್ತಿದ್ದೆ, ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುವುದನ್ನು ನೋಡುತ್ತಿದ್ದೆ. ಕಂಡದ್ದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಹಕ್ಕಿಗಳ ಪುಸ್ತಕ ನನ್ನ ಹತ್ತಿರ ಇರಲಿಲ್ಲ. ಅತ್ತೆ ಇದ್ದಳು.

ಶನಿವಾರ ಊರಿಗೆ ಹೋಗಿ, ಹೆಸರು ಗೊತ್ತಾಗದ ಹಕ್ಕಿಯನ್ನು ಅವಳಿಗೆ ವರ್ಣಿಸುತ್ತಿದ್ದೆ. ಬಣ್ಣ ಹೇಳಿದರೆ ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. "ಬಣ್ಣ ಬಿಡು, ಬಿಸಿಲಿಗೊಂದು ನೆರಳಿಗೊಂದು. ನಡೆಯೋದು ಹೆಂಗೆ? ಕುಂತಾಗ ಬಾಲ ಏನ್ ಮಾಡ್ತೈತೆ?" ನಾನು ಬಾಲ ನೋಡಿರುತ್ತಿರಲಿಲ್ಲ. ಮುಂದಿನ ವಾರ ನೋಡಿಕೊಂಡು ಹೋಗಿ ಹೇಳಿದರೆ, ಗೌಜಲು, ಕಾಜಾಣ, ಪಿಕಳಾರ, ಟಿಟ್ಟಿಭ ಅಂತ ಪಟಪಟನೆ ಹೆಸರು ಬೀಳುತ್ತಿತ್ತು. ಎಲ್ಲವೂ ಅವಳು ಆ ಮೂರು ವರ್ಷದಲ್ಲಿ ಕುರಿಯ ಹಿಂದೆ ನಡೆಯುತ್ತ ಕಲಿತದ್ದು. ಒಂದು ದಿನವೂ ಅವಳ ಹೆಸರು ತಪ್ಪಾಗಲಿಲ್ಲ. ಇಷ್ಟಾದರೂ ನಾನು ಕೊಂಡುಕುರಿಯ ಮಾತು ಎತ್ತುತ್ತಿರಲಿಲ್ಲ. ಅವಳ ಮನಸ್ಸು ನೋಯದಿರಲಿ ಅಂತ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೇಸಿಗೆ ರಜೆ ಬಂದರೆ ನನ್ನ ಜೊತೆಯ ಟೀಚರುಗಳು ತವರಿಗೆ ಹೋಗಿ ಹಪ್ಪಳ ಸಂಡಿಗೆ ಮಾಡುತ್ತಿದ್ದರು. ನಾನು ದುರ್ಬೀನು ಕೊರಳಿಗೆ ಹಾಕಿಕೊಂಡು ಒಂದು ವರ್ಷ ನ್ಯಾಮತಿ ಕಡೆಯ ಗುಡ್ಡ, ಇನ್ನೊಂದು ವರ್ಷ ಚನ್ನಗಿರಿ ಕಡೆಯ ಕಾಡಿನಂಚು ಸುತ್ತಿದೆ. ಅಕ್ಕೋರಿಗೆ ತಲೆ ಕೆಟ್ಟೈತೆ ಅಂದರು. ಅನ್ನಲಿ. ಆಡುವವರ ಬಾಯಿಗೆ ಬೀಗ ಹಾಕುವುದು ಯಾರಿಂದಾಗುತ್ತದೆ? ಮದುವೆ ವಯಸ್ಸು ಮೀರುತ್ತಿದ್ದ ಹೆಣ್ಣು ಒಬ್ಬಳೇ ಗುಡ್ಡ ಹತ್ತುತ್ತಾಳೆ ಅಂದರೆ ಅಲ್ಲಿ ಹಕ್ಕಿಯೇ ಇರಬೇಕು, ಬೇರೇನೂ ಇರಬಾರದು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಪಾಪ.

ಎಂಬತ್ತರ ದಶಕದ ಮೊದಲಲ್ಲಿ ಅತ್ತೆಯ ಎಡಗಣ್ಣಿಗೆ ಪೊರೆ ಬಂತು. ಆ ಕಣ್ಣು ಪೂರ್ತಿ ಬೆಳ್ಳಗಾದ ಮೇಲೆ ಬಲಗಣ್ಣಿಗೂ ಹಬ್ಬಿತು. ಆಪರೇಶನ್ ಮಾಡಿಸೋಣ ಅಂದರೆ, ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲ್ಲ ಅಂತ ಹಟ. ಒಂದು ಏಪ್ರಿಲ್ ತಿಂಗಳಲ್ಲಿ ಅವಳು ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಕಲ್ಲನ್ನು ಕಣ್ಣಿಂದಲ್ಲ, ಬೆರಳಿಂದ ಹುಡುಕುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅಂದಳು: "ಇದು ಪೂರಾ ಮುಚ್ಚೋದ್ರೊಳಗೆ ಒಂದ್ಸಲ ಆ ಗುಡ್ಡಕ್ಕೆ ಹೋಗಿ ಬರಬೇಕು ಕಣೇ."

ನನಗೆ ಎದೆಯಲ್ಲಿ ಏನೋ ಹತ್ತಿಕೊಂಡಿತು. ಹೋಗಬೇಕು, ಆ ಪ್ರಾಣಿಯನ್ನು ಕಣ್ಣಾರೆ ನೋಡಬೇಕು, ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಇಡೀ ಗೋವಿನಕೋವಿಯ ಮುಂದೆ ಓದಬೇಕು. ಮೂವತ್ತು ವರ್ಷ ಬೆರಳು ಎತ್ತಿದವರೆಲ್ಲ ಆ ಬೆರಳನ್ನು ಎಲ್ಲಿ ಇಟ್ಟುಕೊಳ್ಳುತ್ತಾರೋ ನೋಡಬೇಕು. ಅತ್ತೆಗೆ ಇನ್ನೂ ಅಷ್ಟಿಷ್ಟು ಕಣ್ಣು ಕಾಣುವಾಗಲೇ ಇದು ಆಗಬೇಕು. ಮುಂದಿನ ಬೇಸಿಗೆ ಅಂದರೆ ಕಣ್ಣು ಪೂರ್ತಿ ಹೋಗಿರುತ್ತಿತ್ತು.

ಅಣ್ಣ ಒಪ್ಪಲಿಲ್ಲ. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ಅವನದು. ಮೇ ಮೊದಲ ವಾರ ಚನ್ನಗಿರಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು.

"ನೋಡಾಕೆ ಬರೋರು ಬಂದಾಗ ಹೆಣ್ಣೇ ಮನೆಯಾಗೆ ಇಲ್ಲ ಅಂದ್ರೆ ನನ್ನ ಮುಖ ಎಲ್ಲಿಡಲಿ?"

"ನಾಕು ಸಲ ಉಪ್ಪಿಟ್ಟು ತಟ್ಟೆ ಹಿಡಕೊಂಡು ನಿಂತು ನೋಡಿಸಿಕೊಂಡೀನಿ" ಅಂದೆ. "ಈ ಸಲ ನಾನು ನೋಡಾಕೆ ಹೋಗ್ತೀನಿ."

"ಏನನ್ನ? ಆ ಕುರಿನಾ?" ಅಣ್ಣನಿಗೆ ನಗುವೂ ಬಂತು, ಸಿಟ್ಟೂ ಬಂತು. "ಚಿತ್ರದುರ್ಗ ಜಿಲ್ಲೆ ಕುರಿಗೆ ನಾಕು ಕೋಡು ಅಂದ್ರೆ ನಮ್ಮ ಶಿವಮೊಗ್ಗ ಜಿಲ್ಲೆ ಕುರಿ ಏನ್ ಪಾಪ ಮಾಡಿದ್ವು? ಅತ್ತೆ, ವಯಸ್ಸಾದೋರು ನೀವು, ನೀವಾರ ಬುದ್ಧಿ ಹೇಳ್ರಿ. ನವಿಲು ಕುಣಿಯೋದು ನೋಡಿ ಕೆಂಬೂತ ಪುಕ್ಕ ತರಕೊಂಡಂಗಾಯ್ತು. ದೊಡ್ಡ ದೊಡ್ಡ ಊರಿನ ಮಂದಿ ಹಿಲ್ ಸ್ಟೇಶನ್‌ಗೆ ಹೋಗ್ತಾರೆ, ಇವಳು ಜಗಳೂರು ಗುಡ್ಡಕ್ಕೆ!" ಬೈಯುವಾಗಲೂ ಅಣ್ಣ ಅತ್ತೆಗೆ ರೀ ಹಚ್ಚಿಯೇ ಬೈಯುತ್ತಿದ್ದ.

ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ನಾವು ಶಿವಮೊಗ್ಗ ಜಿಲ್ಲೆಯಲ್ಲಿದ್ದೆವು. ಅದು ಅಣ್ಣನಿಗೆ ದೊಡ್ಡ ಪಾಯಿಂಟು.

ನಾನು ಚೀಲಕ್ಕೆ ಸೀರೆ ತುಂಬತೊಡಗಿದೆ. ಅವನು ಬಾಗಿಲಿಗೆ ಅಡ್ಡ ಬಂದು ನಿಂತ. "ನೌಕರಿ ಸಿಕ್ಕಿದ ಮೇಲೆ ನಿಂಗೆ ಎರಡು ಕೋಡು ಮೂಡ್ಯಾವೆ" ಅಂದ. ಅತ್ತೆ ಇದನ್ನೆಲ್ಲ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ಬುದ್ಧಿ ಹೇಳಲಿಲ್ಲ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿ ನಮ್ಮ ಬುತ್ತಿಗೆ ಅಂತ ಗೊತ್ತಾದದ್ದು ಬೆಳಿಗ್ಗೆ, ಶೇಂಗಾ ಚಟ್ನಿಯ ಜೊತೆ ಗಂಟು ಕಟ್ಟಿ ಕೈಗೆ ಕೊಟ್ಟಾಗಲೇ.

ಹೊನ್ನಾಳಿ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರಿನ ಬಸ್ಸು. ಬಿಳಿಚೋಡಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅತ್ತೆ ಕಿಟಕಿಯಿಂದ ಮುಖ ಹೊರಗೆ ಹಾಕಿ ಗಾಳಿ ಮೂಸಿದಳು. "ಬಂತು" ಅಂದಳು. ನನಗೆ ಬರೀ ಧೂಳಿನ ವಾಸನೆ. ಅವಳ ಮುಖ ಮಾತ್ರ ಹದಿನಾರರ ಹುಡುಗಿಯದಾಗಿತ್ತು.

ಗುಡ್ಡದ ಬುಡದ ಹಟ್ಟಿಯಲ್ಲಿ ಅತ್ತೆಯ ನಾದಿನಿ ಇದ್ದಳು, ತೀರಿಹೋದ ಗಂಡನ ತಂಗಿ. ಆಕೆ ಮದುವೆಯಾಗಿ ಅದೇ ಹಟ್ಟಿಯಲ್ಲಿ ಉಳಿದವಳು. ಬಿಸಿಲಿಗೆ ಒಣಗಿದ ಸಣ್ಣ ಜೀವ, ದೊಡ್ಡ ಗಂಟಲು. ಮೂವತ್ತು ವರ್ಷದ ಮೇಲೆ ಬಂದ ಅತ್ತಿಗೆಯನ್ನು ನೋಡಿ ಅಳುತ್ತಾಳೆ ಅಂದುಕೊಂಡಿದ್ದೆ. "ಬರ್ರಿ ಅತ್ತಿಗೆ, ಕಾಲು ತೊಳಕೊಳ್ರಿ, ಮುದ್ದೆ ಆಗೈತೆ" ಅಂದಳು, ನಿನ್ನೆ ಸಂತೆಗೆ ಹೋದವಳು ಇವತ್ತು ಬಂದ ಹಾಗೆ.

ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಇಲ್ಲಿ ಕೊಂಡುಕುರಿ ಅಂತ ಐತಂತಲ್ರಿ?"

"ಐತೆ" ಅಂದಳು ಆಕೆ ಸಾರು ಬಡಿಸುತ್ತ. "ಹೋದ ವಾರ ನಮ್ಮ ಹೊಲದಾಗೇ ನಿಂತಿತ್ತು."

"ಅದಕ್ಕೆ ಕೋಡು...?"

"ಇರ್ತಾವೆ. ಗಂಡಿಗೆ ನಾಕು. ಯಾಕೆ, ನಿಮ್ಮ ಕಡೆ ಎಷ್ಟಿರ್ತಾವೆ?"

ನಮ್ಮೂರು ಮೂವತ್ತು ವರ್ಷ ನಕ್ಕ ಮಾತು ಇಲ್ಲಿ ಸಾರಿನಷ್ಟೇ ಸಾದಾ ಮಾತು. ಅತ್ತೆ ಮುದ್ದೆ ನುಂಗುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. "ನೋಡಬೇಕಿತ್ತು, ಎಲ್ಲಿಗೆ ಹೋಗಬೇಕ್ರಿ?" ಅಂತ ಕೇಳಿದೆ.

ಗುಡ್ಡದ ನೆತ್ತಿಯ ಕೆಳಗೆ ಬಂಡೆಯಲ್ಲಿ ಒಂದು ದೊಣೆ ಇದೆ, ಮಳೆ ನೀರು ನಿಲ್ಲುವ ಕಲ್ಲಿನ ಗುಂಡಿ. ಬೇಸಿಗೆಯಲ್ಲಿ ಸುತ್ತಮುತ್ತ ಅದೊಂದೇ ನೀರು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಕೂತಿದ್ದರೆ ಬಂದೇ ಬರುತ್ತದೆ ಅಂದಳು ನಾದಿನಿ. ಮಾರನೇ ದಿನ ತಾನೇ ಕರೆದುಕೊಂಡು ಹೋಗಿ ಜಾಗ ತೋರಿಸಿದಳು. ದೊಣೆಯಿಂದ ಸ್ವಲ್ಪ ದೂರ, ಕಾರೆ ಗಿಡದ ಹತ್ತಿರ ಹಿಕ್ಕೆಯ ಗುಪ್ಪೆಯಿತ್ತು. ಹಳೆಯದರ ಮೇಲೆ ಹೊಸದು. "ದಿನಾ ಬಂದು ಇಲ್ಲೇ ಹಾಕ್ತೈತೆ. ಮನುಷ್ಯರಿಗಿಂತ ನೇಮ ಜಾಸ್ತಿ" ಅಂದಳು. ಅತ್ತೆ ಕೂತು ಹಿಕ್ಕೆಯನ್ನು ಬೆರಳಿಂದ ಮುಟ್ಟಿ ನೋಡಿ, "ನಿನ್ನೇದು" ಅಂದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ತುಂಬುತ್ತದೆ. ನಸುಕಿಗೆ ಎದ್ದು, ಅತ್ತೆಯ ಕೈ ಹಿಡಿದು ಗುಡ್ಡ ಹತ್ತುವುದು. ನಿಜ ಹೇಳಬೇಕೆಂದರೆ ಕಣ್ಣಿದ್ದ ನಾನೇ ಎಡವುತ್ತಿದ್ದೆ, ಅವಳ ಕಾಲಿಗೆ ದಾರಿ ಗೊತ್ತಿತ್ತು. ದೊಣೆಗೆ ಎದುರಾಗಿ ತುಗ್ಗಲಿ ಗಿಡದ ಮರೆಯಲ್ಲಿ ಕೂರುತ್ತಿದ್ದೆವು. ಮೊದಲು ಗೌಜಲು ಕೂಗುತ್ತಿತ್ತು. ಆಮೇಲೆ ಬೆಳವಗಳು ಜೋಡಿ ಜೋಡಿಯಾಗಿ ನೀರಿಗೆ ಬರುತ್ತಿದ್ದವು. ಕೆಂಬೂತ ಗತ್ತಿನಿಂದ ನಡೆದು ಬಂದಾಗ ಅಣ್ಣನ ನೆನಪಾಗಿ ನಗು ಬಂತು. ಆ ಕಡೆಯವರು ಅದನ್ನು ರತ್ನಪಕ್ಷಿ ಅನ್ನುತ್ತಾರೆ, ಕಂಡರೆ ಒಳ್ಳೆಯದಾಗುತ್ತದಂತೆ. ನಮ್ಮ ಕಡೆ ಪುಕ್ಕ ತರೆದುಕೊಂಡ ಬಡಪಾಯಿ, ಇಲ್ಲಿ ರತ್ನ. ಜಿಲ್ಲೆ ಬದಲಾದರೆ ಎಷ್ಟು ಬದಲಾಗುತ್ತದೆ ನೋಡಿ. ಒಂದು ದಿನ ಎದುರಿನ ಬಂಡೆಯ ಮೇಲೆ ಕರಡಿಯೊಂದು ಬೆನ್ನು ತೋರಿಸಿ ಹೋಯಿತು. ನಾನು ಎದ್ದು ಓಡಲು ಹೊರಟಿದ್ದೆ. ಅತ್ತೆ ಅದರ ಉಸಿರು ಕೇಳಿಯೇ ಗುರುತು ಹಿಡಿದು ನನ್ನ ಮೊಣಕಾಲು ಅದುಮಿ ಕೂರಿಸಿದ್ದಳು.

ದುರ್ಬೀನು ಕೊಟ್ಟರೆ ಮೊದಲ ದಿನವೇ ಒಮ್ಮೆ ಕಣ್ಣಿಗಿಟ್ಟು ವಾಪಸು ಕೊಟ್ಟಳು. "ಇದಕ್ಕೂ ನಂಗೂ ಒಂದೇ ರೋಗ. ಒಂದು ಕಣ್ಣು ಹೋಗೈತೆ, ಇನ್ನೊಂದು ಹೊಂಟೈತೆ."

ನಾಲ್ಕನೇ ದಿನ ಅದು ಬಂತು. ಪೊದೆ ಅಲ್ಲಾಡಿತು, ಕಂದು ಬಣ್ಣದ ತೆಳ್ಳನೆಯ ಪ್ರಾಣಿ ಹೆಜ್ಜೆಗೊಮ್ಮೆ ತಲೆ ಮುಂದಕ್ಕೆ ಚಾಚುತ್ತ ನೀರಿನ ಕಡೆ ಬಂತು. ದುರ್ಬೀನನ್ನು ಅದರ ತಲೆಗೆ ಗುರಿಯಿಟ್ಟೆ. ಕೋಡು ಇರಲಿಲ್ಲ. ಒಂದೂ ಇರಲಿಲ್ಲ. ನುಣ್ಣನೆಯ ಹಣೆ, ದೊಡ್ಡ ಕಿವಿ, ಅಷ್ಟೇ. ನೀರು ಕುಡಿದು ಹೋಯಿತು.

"ಬಂದಿತ್ತಲ್ಲ?" ಅಂದಳು ಅತ್ತೆ ಪಿಸುಗುಟ್ಟುತ್ತ.

"ಬಂದಿತ್ತು. ಕೋಡು ಇರಲಿಲ್ಲ."

"ಹೆಣ್ಣು ಅದು. ಹೆಣ್ಣಿಗೆ ಇರಲ್ಲ."

ನಾದಿನಿಯೂ ಗಂಡಿಗೆ ಅಂತಲೇ ಹೇಳಿದ್ದಳು. ಆದರೂ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮೂವತ್ತು ವರ್ಷದ ಹಿಂದೆ ಹದಿನಾರರ ಹುಡುಗಿ, ಗಿಡದ ಕೊಂಬೆಯನ್ನು ಕೋಡು ಅಂದುಕೊಂಡಿರಬಹುದು. ಹಟ್ಟಿಯವರು ತಲೆತಲಾಂತರದಿಂದ ಹೇಳುತ್ತ ಬಂದದ್ದನ್ನೇ ಹೇಳುತ್ತಿರಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದವಳು ನಾನು. ನೋಟುಬುಕ್ಕಿನಲ್ಲಿ, "ಕೊಂಡುಕುರಿ, ಹೆಣ್ಣು ಇರಬಹುದು, ಕೋಡಿಲ್ಲ" ಅಂತ ಬರೆದೆ. ಅತ್ತೆ ಪೆನ್ನಿನ ಸದ್ದು ಕೇಳುತ್ತಿದ್ದಳು. ಅವಳಿಗೆ ಓದು ಬಾರದು, ಆದರೆ ನಾನು 'ಇರಬಹುದು' ಬರೆದದ್ದು ಅವಳಿಗೆ ಗೊತ್ತಾಯಿತು ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಗುಡ್ಡ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ಕವಳೆ ಹಣ್ಣು ತಡವಿ ಕಿತ್ತು ತಾನೇ ತಿನ್ನುತ್ತ ಮುಂದೆ ನಡೆದಳು.

ಮತ್ತೆ ಎರಡು ದಿನ ಏನೂ ಬರಲಿಲ್ಲ. ಚನ್ನಗಿರಿಯವರು ಬರುವ ದಿನವೂ ಕಳೆಯಿತು. ಆ ಹೊತ್ತಿಗೆ ಅಣ್ಣ ಪಡಸಾಲೆಯಲ್ಲಿ ಒಬ್ಬನೇ ಅವರಿಗೆ ಉಪ್ಪಿಟ್ಟು ಕೊಡುತ್ತಿರಬೇಕು ಅಂತ ನೆನೆದು ಒಂದು ಕ್ಷಣ ಅಯ್ಯೋ ಅನ್ನಿಸಿತು. ಒಂದೇ ಕ್ಷಣ.

ಏಳನೇ ದಿನ ಸೂರ್ಯ ಬಂಡೆಯ ಅಂಚಿಗೆ ಬಂದಿದ್ದ. ಬೆಳವಗಳು ಒಮ್ಮೆಲೇ ಎದ್ದು ಹೋದವು. ಅತ್ತೆ ನನ್ನ ತೋಳು ಮುಟ್ಟಿದಳು. ನಾನು ನೋಡುವ ಮೊದಲೇ ಅವಳಿಗೆ ಹೆಜ್ಜೆ ಕೇಳಿತ್ತು. ಅದೇ ನಡಿಗೆ, ಅದೇ ತಲೆ ಚಾಚುವುದು. ದುರ್ಬೀನು ಎತ್ತಿದೆ. ಕಿವಿಯ ನಡುವೆ ಎರಡು ಕೋಡು, ನೆಟ್ಟಗೆ, ಗೇಣಿಗಿಂತ ಚಿಕ್ಕವು. ಎರಡು. ಮತ್ತೆ ನೋಡಿದೆ. ಎರಡೇ. ಇವಳಿಗೆ ಏನು ಹೇಳಲಿ?

"ತಲೆ ಬಗ್ಗಿಸಲಿ ತಡಿ" ಅಂದಳು ಅತ್ತೆ, ತುಟಿ ಅಲ್ಲಾಡದ ಹಾಗೆ. ಅವಳು ದೊಣೆಯ ಕಡೆ ನೋಡುತ್ತಲೂ ಇರಲಿಲ್ಲ. "ಮುಂದಿನವು ಗಿಡ್ಡ. ಹುಬ್ಬಿನ ಮೇಲೆ ನೋಡು, ಹೆಬ್ಬೆರಳಷ್ಟು."

ಅದು ನೀರಿಗೆ ಬಗ್ಗಿತು. ಬಿಸಿಲು ಹಣೆಯ ಮೇಲೆ ಬಿತ್ತು. ಕಣ್ಣಿನ ಸ್ವಲ್ಪ ಮೇಲೆ, ದೊಡ್ಡ ಕೋಡುಗಳ ಮುಂದೆ, ಎರಡು ಮೋಟು ಕೋಡು. ಕರ್ರಗೆ, ಚಿಗುರಿದ ಮೊಳಕೆಯ ಹಾಗೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದೆ. ನಾಲ್ಕು. ಅದು ತಲೆ ಎತ್ತಿ ಬಾಯಿಂದ ನೀರು ತೊಟ್ಟಿಕ್ಕುತ್ತ ನಮ್ಮ ಕಡೆಗೇ ನೋಡಿತು. ನೇರ ನೋಡಿದಾಗ ಯಾವ ಸಂಶಯವೂ ಉಳಿಯಲಿಲ್ಲ.

ದುರ್ಬೀನನ್ನು ಅತ್ತೆಯ ಕೈಗೆ ತುರುಕಿದೆ. "ನೋಡು, ಬೇಗ ನೋಡು, ಹತ್ತಿರದಾಗೇ ಐತೆ, ನಿಂಗೂ ಕಾಣ್ತೈತೆ." ಅವಳು ತೆಗೆದುಕೊಳ್ಳಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ನಾನು ಆಗಲೇ ನೋಡಿದೀನಿ" ಅಂದಳು. "ನೋಡದೆ ಇದ್ದೋಳು ನೀನು."

ಪ್ರಾಣಿ ಗಂಟಲಲ್ಲಿ ಒಂದು ಥರ ಸಿಳ್ಳು ಹಾಕಿ ಪೊದೆಯೊಳಗೆ ಹೋಯಿತು. ನಾನು ಅತ್ತುಬಿಟ್ಟೆ. ನಾಚಿಕೆಗೆ ಅತ್ತದ್ದು, ಬೇರೆ ಏನಕ್ಕೂ ಅಲ್ಲ. ಇಡೀ ಊರಿನ ಮೇಲೆ ಸಿಟ್ಟು ಮಾಡಿಕೊಂಡು ಬಂದವಳು ನಾನು, ಆ ಊರಲ್ಲಿ ನಾನೂ ಒಬ್ಬಳು. ಒಂದು ಹಕ್ಕಿಯ ಹೆಸರೂ ತಪ್ಪು ಹೇಳದವಳ ಒಂದು ಮಾತನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಅವಳನ್ನು ಗೆಲ್ಲಿಸಲು ಬಂದಿದ್ದೇನೆ ಅಂತ ನಾನು ಮೆರೆಯುತ್ತಿದ್ದೆ. ಅವಳು ಏಳು ದಿನ ಗುಡ್ಡ ಹತ್ತಿದ್ದು ನನಗೋಸ್ಕರ.

"ಮೂರನೇ ಕ್ಲಾಸಿನಾಗೆ ನಾನೂ ಬೆರಳು ಎತ್ತಿದ್ದೆ" ಅಂದೆ.

"ಗೊತ್ತು" ಅಂದಳು. "ಬಿಗಿಯಾಗಿ ಜಡೆ ಹಾಕಿದ್ದೆನಲ್ಲ." ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಳಬೇಡ. ಬರಕೋ. ಇರಬಹುದು ಅಂತ ಬರೀಬೇಡ."

ತಾರೀಖು ಹಾಕಿ ಬರೆದೆ: ಕೊಂಡುಕುರಿ, ಗಂಡು, ನಾಲ್ಕು ಕೋಡು. ಕೆಳಗೆ ಸಹಿಯನ್ನೂ ಮಾಡಿದೆ, ಯಾಕೆ ಅಂತ ಗೊತ್ತಿಲ್ಲ.

ಊರಿಗೆ ವಾಪಸಾದಾಗ ಸಂಜೆ. ನಾವು ಬಂದ ಸುದ್ದಿ ನಮಗಿಂತ ಮುಂಚೆ ಓಣಿಗೆ ಹೋಗಿತ್ತು. ಪಡಸಾಲೆ ತುಂಬ ಜನ. ಚನ್ನಗಿರಿಯವರು ಬಂದು ಹೋದದ್ದು, ಅವರು ಏನೇನು ಅಂದದ್ದು, ಎಲ್ಲ ಬಾಯಿಗೊಂದು ಮಾತು. ಅಣ್ಣನ ಮುಖ ಗಂಟಿಕ್ಕಿತ್ತು. ಎಲ್ಲರಿಗೂ ಬೇಕಾಗಿದ್ದದ್ದು ಮಾತ್ರ ಇನ್ನೊಂದು. ಕೆಲವರ ಕೈ ಆಗಲೇ ಹಣೆಯ ಹತ್ತಿರ ಹೋಗಿ ಕಾಯುತ್ತಿತ್ತು.

ನಾನು ಚೀಲದಿಂದ ನೋಟುಬುಕ್ಕು ತೆಗೆದೆ. ದಾವಣಗೆರೆಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಆ ಮಾತನ್ನು ಹೇಗೆ ಓದಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕಲಿತುಕೊಂಡಿದ್ದೆ. ಅತ್ತೆ ನನ್ನ ಕೈಯ ಸದ್ದು ಕೇಳಿದಳು. ತಡವಿ ಪುಸ್ತಕವನ್ನು ತೆಗೆದುಕೊಂಡು, ತಾನು ಮಣೆಯ ಮೇಲೆ ಕೂತು, ಅದನ್ನು ಸೆರಗಿನಡಿ ಮಡಿಲಲ್ಲಿಟ್ಟುಕೊಂಡಳು.

"ಬೇಡ" ಅಂದಳು. "ಮೂವತ್ತು ವರ್ಷ ನನ್ನ ಬಾಯಿ ಮಾತು ಸಾಲಲಿಲ್ಲ ಅಂದ್ಮೇಲೆ, ನಿನ್ನ ಕಾಗದ ಇವರಿಗ್ಯಾಕೆ?"

ಅಣ್ಣ ಬಾಗಿಲ ಹತ್ತಿರ ನಿಂತಿದ್ದ, ಹೋಗುವ ದಿನ ನನಗೆ ಅಡ್ಡ ನಿಂತಿದ್ದ ಅದೇ ಜಾಗ. ಮನೆ ಯಜಮಾನ, ಏನಾದರೂ ಹೇಳಲೇಬೇಕಿತ್ತು.

"ಆಯ್ತು ಬಿಡ್ರಿ ಅತ್ತೆ. ನೀವೇ ಹೇಳ್ರಿ. ಈ ಸಲ ಎಷ್ಟು ಕೋಡು ಕಂಡ್ವು?"

"ಆರು" ಅಂದಳು ಅತ್ತೆ.

ಎತ್ತಿದ್ದ ಬೆರಳುಗಳು ಗಾಳಿಯಲ್ಲಿ ಹಾಗೇ ನಿಂತವು. ಆರಕ್ಕೆ ಬೆರಳು ಎತ್ತುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ನನ್ನ ಮುಖ ನೋಡಿದ. ನನಗೂ ಅರ್ಥವಾಗಿರಲಿಲ್ಲ.

"ನಾಕು ಅದಕ್ಕೆ" ಅಂದಳು, ಬೆಳ್ಳಗಾದ ಕಣ್ಣನ್ನು ಅಣ್ಣ ನಿಂತಿದ್ದ ಕಡೆಗೆ ಸರಿಯಾಗಿ ತಿರುಗಿಸಿ. "ಎರಡು ನಿನ್ನ ತಂಗಿಗೆ. ನೀನೇ ಅಲ್ವೇನಪ್ಪಾ ಎಣಿಸಿ ಕಳಿಸಿದ್ದು?"